ಮನೆಯಲ್ಲೇ ಕಾರು ಎತ್ತಿ ಕೆಲಸ ಮಾಡುವವರು ಅಡಿಗೆ ಏನು ಕೊಡುತ್ತೀರಿ?

ಹೊಸಸ್ಪ್ಯಾನರ್:
ಎಲ್ಲರಿಗೂ ನಮಸ್ಕಾರ. ಎಂಜಿನ್ ಆಯಿಲ್, ಫಿಲ್ಟರ್, ಮುಂದಿನ ಬ್ರೇಕ್ ಪ್ಯಾಡ್ ಇಷ್ಟನ್ನು ಇನ್ನು ಮುಂದೆ ನಾನೇ ಬದಲಾಯಿಸಬೇಕು ಅಂತಿದ್ದೇನೆ. ಕೆಲಸ ಹೇಗೆ ಮಾಡುವುದು ಅಂತ ಗೊತ್ತು. ಕಾರಿನ ಅಡಿಗೆ ಹೋಗುವುದು ಹೇಗೆ ಅನ್ನುವುದೇ ಪ್ರಶ್ನೆ. ಸಣ್ಣ ಹ್ಯಾಚ್‌ಬ್ಯಾಕ್, ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಗಾಡಿ, ಮ್ಯಾನುಯಲ್ ಗೇರ್, ಖಾಲಿ ತೂಕ 1,100 ಕೆ.ಜಿ. ಹತ್ತಿರ. ಡಿಕ್ಕಿಯಲ್ಲಿ ಗಾಡಿ ಜೊತೆ ಬಂದ ಕತ್ತರಿ ಜಾಕ್ ಇದೆ. ನಿಲ್ಲಿಸುವ ಜಾಗ ಕಾಂಕ್ರೀಟ್ ನೆಲ, ಆದರೆ ನೀರು ಹರಿಯಲಿ ಅಂತ ಒಂದು ಕಡೆಗೆ ಸ್ವಲ್ಪ ಇಳಿಜಾರು ಬಿಟ್ಟಿದ್ದಾರೆ. ಜಾಕ್‌ನಲ್ಲಿ ಎತ್ತಿ ಪಕ್ಕಕ್ಕೆ ಎರಡು ಕಾಂಕ್ರೀಟ್ ಬ್ಲಾಕ್ ಕೊಟ್ಟರೆ ಸಾಕು ಅಂತ ಗೆಳೆಯ ಹೇಳುತ್ತಾನೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಗ್ರೀಸ್‌ಕೈ:
ಬ್ಲಾಕ್ ಬೇಡ. ಬೇಡವೇ ಬೇಡ. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ.

ಹಳೇಗ್ಯಾರೇಜು:
ಗ್ರೀಸ್‌ಕೈ ಅವರ ಮಾತಿಗೆ ಕಾರಣವನ್ನೂ ಸೇರಿಸುತ್ತೇನೆ. ಗೋಡೆಯಲ್ಲಿ ಬ್ಲಾಕ್ ಭಾರ ಹೊರುವುದು ನಿಜ. ಆದರೆ ಅಲ್ಲಿ ಭಾರ ಅದರ ಪೂರ್ತಿ ಮೈ ಮೇಲೆ ಹಂಚಿಹೋಗಿರುತ್ತದೆ. ಕಾರಿನ ಅಡಿಯಲ್ಲಿ ಇಟ್ಟಾಗ ಒಂದು ಬೋಲ್ಟಿನ ತಲೆಯೋ ತಗಡಿನ ಅಂಚೋ ಒಂದೇ ಜಾಗದಲ್ಲಿ ಒತ್ತುತ್ತದೆ. ಟೊಳ್ಳು ಬ್ಲಾಕ್ ಅಡ್ಡ ಮಲಗಿಸಿದ್ದರಂತೂ ಇನ್ನೂ ಕೆಟ್ಟದ್ದು. ಬಾಗುವುದಿಲ್ಲ, ಶಬ್ದ ಮಾಡುವುದಿಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತದೆ. ಇಟ್ಟಿಗೆಯೂ ಅಷ್ಟೇ. ಮರ ಹಾಗಲ್ಲ. ಭಾರ ಜಾಸ್ತಿಯಾದರೆ ಮೊದಲು ಒತ್ತಿಕೊಳ್ಳುತ್ತದೆ, ಕರಕರ ಅನ್ನುತ್ತದೆ, ಸೀಳು ಕಾಣಿಸುತ್ತದೆ. ಅಷ್ಟರಲ್ಲಿ ಹೊರಗೆ ಬರಲು ಸಮಯ ಸಿಗುತ್ತದೆ. ಅಪಘಾತದ ಜಾಗದಲ್ಲಿ ಅಗ್ನಿಶಾಮಕದವರು ವಾಹನಕ್ಕೆ ಆಸರೆ ಕೊಡುವಾಗ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸುವುದಕ್ಕೆ ಇದೂ ಒಂದು ಕಾರಣ.

ನಿಮಗೆ ಬೇಕಾಗಿರುವುದು ಒಂದು ಟ್ರಾಲಿ ಜಾಕ್ (ಚಕ್ರಗಳ ಮೇಲೆ ಉರುಳುವ ಹೈಡ್ರಾಲಿಕ್ ಜಾಕ್) ಮತ್ತು ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತರ ಹೊಂದಿಸಬಹುದಾದ ಆಸರೆ ಕಾಲು). ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ಎತ್ತುವ ಸಾಧನವನ್ನೇ ನಂಬಿ ಯಾರೂ ಅಡಿಗೆ ಹೋಗಬಾರದು, ಅದು ಎಷ್ಟು ಟನ್ನಿನದ್ದಾದರೂ ಸರಿ.

ನಾಲ್ಕುಚಕ್ರ:
ಕತ್ತರಿ ಜಾಕ್ ಬಗ್ಗೆ ಯಾಕೆ ಇಷ್ಟು ಭಯ? ಅದು ಸ್ಕ್ರೂ ಮೇಲೆ ನಿಲ್ಲುತ್ತದೆ. ಹೈಡ್ರಾಲಿಕ್ ತರಹ ಸೀಲ್ ಹೋಗಿ ಕೆಳಗಿಳಿಯುವ ಪ್ರಶ್ನೆಯೇ ಇಲ್ಲ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಅದರಲ್ಲೇ ಕೆಲಸ ನಡೆದಿದೆ.

ಹಳೇಗ್ಯಾರೇಜು:
@ನಾಲ್ಕುಚಕ್ರ ಕೆಳಗೆ ಇಳಿಯುವುದಿಲ್ಲ, ಒಪ್ಪಿದೆ. ಆದರೆ ಪಕ್ಕಕ್ಕೆ ವಾಲುತ್ತದೆ. ಅದರ ಪಾದ ನೋಡಿ, ಅಂಗೈಯಷ್ಟು ಅಗಲ. ಕಾರು ಎರಡು ಬೆರಳಿನಷ್ಟು ಮುಂದಕ್ಕೋ ಹಿಂದಕ್ಕೋ ಸರಿದರೆ ಜಾಕ್ ಓರೆಯಾಗುತ್ತದೆ, ಓರೆಯಾದ ಮೇಲೆ ಅದನ್ನು ಹಿಡಿಯುವವರಿಲ್ಲ. ಮನೆಯಲ್ಲಿ ಕಾರು ಬೀಳುವುದು ಹೆಚ್ಚಾಗಿ ಹೀಗೆಯೇ. ಜಾಕ್ ಮುರಿಯುವುದಿಲ್ಲ, ಕಾರು ಸರಿಯುತ್ತದೆ. ಸ್ಟೆಪ್ನಿ ಹಾಕಲು ಆ ಜಾಕ್ ಸಾಕು, ಯಾಕೆಂದರೆ ಆಗ ನೀವು ಹೊರಗೆ ಕೂತಿರುತ್ತೀರಿ.

ಬೋಲ್ಟುನಟ್ಟು:
ಇದು ನೂರಕ್ಕೆ ನೂರು ಸತ್ಯ. ನಮ್ಮ ಪಕ್ಕದ ಮನೆಯವರ ಕಾರು ಹೀಗೇ ಬಿತ್ತು. ಚಕ್ರ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು, ಹಠ ಹಿಡಿದಿದ್ದ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಬೋಲ್ಟಿಗೆ ಉದ್ದದ ಪೈಪ್ ಹಾಕಿ ಜಗ್ಗಿದರು, ಕಾರು ಜಾಕ್‌ನಿಂದ ಜಾರಿ ಬ್ರೇಕ್ ಡಿಸ್ಕ್ ಮೇಲೆ ಕೂತಿತು. ಅವರು ಅಡಿಯಲ್ಲಿ ಇರಲಿಲ್ಲ, ಪುಣ್ಯ. ಡಿಸ್ಕ್ ಹೋಯಿತು, ಅಡಿಯ ತಗಡು ಮಡಚಿತು. ಆಮೇಲೆ ಜಾಕ್ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ.

ಹೊಸಸ್ಪ್ಯಾನರ್:
ಸರಿ, ಬ್ಲಾಕ್ ಕೈಬಿಟ್ಟೆ. ಸ್ಟ್ಯಾಂಡ್ ತರಿಸುತ್ತೇನೆ. ಆದರೆ ಸರಿಯುವ ಮಾತು ಬಂತಲ್ಲ, ಹ್ಯಾಂಡ್‌ಬ್ರೇಕ್ ಎಳೆದು ಮೊದಲನೇ ಗೇರ್ ಹಾಕಿದರೆ ಸಾಕಾಗುವುದಿಲ್ಲವೇ?

ಗ್ರೀಸ್‌ಕೈ:
ಸಾಕು. ಹ್ಯಾಂಡ್‌ಬ್ರೇಕ್ ಗಟ್ಟಿ ಇದ್ದರೆ ಗೇರಲ್ಲಿ ಬಿಟ್ಟ ಕಾರು ಎಲ್ಲಿಗೂ ಹೋಗುವುದಿಲ್ಲ.

ಡಿಫರೆನ್ಷಿಯಲ್:
@ಗ್ರೀಸ್‌ಕೈ ಇಲ್ಲಿ ಮಾತ್ರ ನಿಮ್ಮ ಮಾತು ಒಪ್ಪುವುದಿಲ್ಲ, ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲೇ ಜಾಸ್ತಿ ಜನ ತಪ್ಪು ತಿಳಿದಿದ್ದಾರೆ.

ಗೇರ್ ಹಾಕಿದಾಗ ಎಂಜಿನ್ ಹಿಡಿದಿಡುವುದು ಡಿಫರೆನ್ಷಿಯಲ್ ಅನ್ನು (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ), ಚಕ್ರಗಳನ್ನು ನೇರವಾಗಿ ಅಲ್ಲ. ಎರಡೂ ಮುಂದಿನ ಚಕ್ರ ನೆಲದ ಮೇಲಿದ್ದರೆ ತೊಂದರೆ ಇಲ್ಲ, ಎರಡೂ ಒಂದೇ ದಿಕ್ಕಿಗೆ ಉರುಳಬೇಕು, ಅದಕ್ಕೆ ಎಂಜಿನ್ ಬಿಡುವುದಿಲ್ಲ. ಈಗ ಒಂದು ಮುಂದಿನ ಚಕ್ರ ಎತ್ತಿದಿರಿ ಅಂದುಕೊಳ್ಳಿ. ನೆಲದ ಮೇಲಿರುವ ಚಕ್ರ ಮುಂದಕ್ಕೆ ಉರುಳಿದರೆ ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತದೆ, ಅಷ್ಟೇ. ಎಂಜಿನ್‌ಗೆ ಏನೂ ಗೊತ್ತೇ ಆಗುವುದಿಲ್ಲ. ಅಂದರೆ ಮಾಮೂಲಿ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ, ಎಳೆಯುವ ಚಕ್ರಗಳಲ್ಲಿ ಒಂದನ್ನು ಎತ್ತಿದ ಕ್ಷಣವೇ ಗೇರ್ ಕೆಲಸಕ್ಕೆ ಬಾರದ್ದಾಯಿತು. ಆಟೊಮ್ಯಾಟಿಕ್‌ನಲ್ಲಿ ಪಾರ್ಕ್ ಹಾಕಿದರೂ ಇದೇ ಕಥೆ. ಆಗ ಕಾರನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ.

ಇನ್ನು ಹಿಂದೆ ಎತ್ತುವ ವಿಷಯ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಎರಡೂ ಚಕ್ರ ಗಾಳಿಯಲ್ಲಿದ್ದರೆ ನೀವು ಎಷ್ಟು ಬಲವಾಗಿ ಎಳೆದರೂ ಅದು ಗಾಳಿಯನ್ನು ಹಿಡಿದಂತೆ. ಜೊತೆಗೆ ಹಿಂದಿನ ಡ್ರಮ್ ಬಿಚ್ಚಬೇಕಾದರೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು. ಆಗ ಉಳಿಯುವುದು ಗೇರ್ ಮಾತ್ರ.

ಅದಕ್ಕೇ ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಡಬೇಕು. ಮುಂದೆ ಎತ್ತಿದರೆ ಹಿಂದಿನ ಚಕ್ರಗಳಿಗೆ, ಹಿಂದೆ ಎತ್ತಿದರೆ ಮುಂದಿನವಕ್ಕೆ. ಗೇರ್, ಹ್ಯಾಂಡ್‌ಬ್ರೇಕ್ ಎರಡೂ ಇರಲಿ, ಬೇಡ ಅನ್ನುತ್ತಿಲ್ಲ. ಆದರೆ ಅಡ್ಡ ಇಲ್ಲದೆ ಜಾಕ್ ಮುಟ್ಟಬೇಡಿ.

ಗ್ರೀಸ್‌ಕೈ:
@ಡಿಫರೆನ್ಷಿಯಲ್ ಒಂದು ಚಕ್ರ ಎತ್ತಿದಾಗ ಗೇರ್ ಪೂರ್ತಿ ಬಿಟ್ಟುಕೊಡುತ್ತದೆ ಅನ್ನುವುದು ಹೊಸ ವಿಷಯ. ಈಗ ಅರ್ಥವಾಯಿತು. ಧನ್ಯವಾದ ಗುರುಗಳೇ.

ರಾತ್ರಿಪಾಳಿ:
ಅಡ್ಡ ಕೊಡಲು ಕಲ್ಲು ಸಾಕಲ್ವಾ?

ಡಿಫರೆನ್ಷಿಯಲ್:
ಉರುಟು ಕಲ್ಲು ಟಯರಿನ ಜೊತೆ ತಾನೂ ಉರುಳುತ್ತದೆ. ಇಳಿಜಾರಾಗಿ ಕತ್ತರಿಸಿದ ಮರದ ತುಂಡು ಅಥವಾ ರಬ್ಬರಿನದ್ದು ಇರಲಿ. ಟಯರಿಗೆ ಒತ್ತಿಕೊಂಡಂತೆ ತಳ್ಳಿ ಇಡಿ. ಮಧ್ಯೆ ಸಂದು ಬಿಟ್ಟರೆ ಕಾರು ಅಷ್ಟು ದೂರ ಸರಿದೇ ನಿಲ್ಲುವುದು.

ನಾಲ್ಕುಚಕ್ರ:
ಸರಿ ಸರಿ, ಕತ್ತರಿ ಜಾಕ್ ವಾದ ಬಿಟ್ಟೆ. ಆದರೆ ಟ್ರಾಲಿ ಜಾಕ್ ಎಲ್ಲಿ ಕೊಡುವುದು? ನನ್ನ ಗಾಡಿಯಲ್ಲಿ ಬಾಗಿಲ ಕೆಳಗಿನ ತಗಡಿನ ಅಂಚಿಗೆ ಕೊಟ್ಟರೆ ಅಂಚು ಮಡಚುತ್ತದೆ.

ಬೋಲ್ಟುನಟ್ಟು:
ಗಾಡಿಯ ಪುಸ್ತಕ ತೆರೆದು ನೋಡಿ, ಜಾಕ್ ಕೊಡುವ ಜಾಗದ ಚಿತ್ರ ಇದ್ದೇ ಇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಅಂಚಿನ ಮೇಲೆ ಎರಡು ಗುರುತು ಕಡಿದಿರುತ್ತಾರೆ. ಆ ಎರಡರ ನಡುವೆ ಮಾತ್ರ ಒಳಗೆ ಬಲ ಕೊಟ್ಟಿರುತ್ತಾರೆ, ಉಳಿದ ಕಡೆ ಬರೀ ತಗಡು. ಇನ್ನೊಂದು, ಟ್ರಾಲಿ ಜಾಕಿನ ತಲೆ ಕಬ್ಬಿಣದ ಬಟ್ಟಲು. ಅದರ ಮೇಲೆ ನಡುವೆ ಸೀಳು ಇರುವ ರಬ್ಬರ್ ಪ್ಯಾಡ್ ಇಡಿ. ಅಂಚು ಆ ಸೀಳಿನೊಳಗೆ ಕೂರುತ್ತದೆ, ಭಾರ ಅಂಚಿನ ಎರಡೂ ಪಕ್ಕದ ಗಟ್ಟಿ ಭಾಗಕ್ಕೆ ಹೋಗುತ್ತದೆ.

ಆಯಿಲ್ ಚೇಂಬರಿಗೆ, ಗೇರ್‌ಬಾಕ್ಸಿಗೆ, ಸೈಲೆನ್ಸರಿಗೆ, ಬಾಗಿಲ ನಡುವಿನ ಬರೀ ತಗಡಿಗೆ ಯಾವತ್ತೂ ಜಾಕ್ ಕೊಡಬೇಡಿ. ಚೇಂಬರ್ ಒಡೆದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಚಾಸಿಗುರು:
ಇಲ್ಲಿ ಒಂದು ತೊಡಕು ಇದೆ. ಜಾಕ್ ಕೊಡುವ ಜಾಗವೇ ಸ್ಟ್ಯಾಂಡ್ ಇಡುವ ಜಾಗವೂ ಆದರೆ ಎರಡೂ ಒಟ್ಟಿಗೆ ಕೂರುವುದು ಹೇಗೆ? ಹೊಸಬರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ದಾರಿ ಏನೆಂದರೆ, ಮುಂದೆ ನಡುವಿನಲ್ಲಿ ಎಂಜಿನ್ ಅಡಿಯ ಗಟ್ಟಿ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಇರುತ್ತದೆ, ಬಹಳ ಗಾಡಿಗಳಲ್ಲಿ ಅಲ್ಲಿ ಟ್ರಾಲಿ ಜಾಕ್ ಕೊಡಲು ಕಂಪನಿಯೇ ಜಾಗ ತೋರಿಸಿರುತ್ತದೆ. ಅಲ್ಲಿಂದ ಎತ್ತಿದರೆ ಎರಡೂ ಮುಂದಿನ ಚಕ್ರ ಒಟ್ಟಿಗೆ ಏಳುತ್ತವೆ, ಎರಡೂ ಪಕ್ಕದ ಅಂಚು ಸ್ಟ್ಯಾಂಡಿಗೆ ಖಾಲಿ ಸಿಗುತ್ತದೆ. ಹಿಂದಿನ ಆಕ್ಸಲ್ ಬೀಮಿಗೆ (ಎರಡು ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ) ಮಾತ್ರ ಕೇಳದೆ ಕೊಡಬೇಡಿ. ಕೆಲವು ಕಂಪನಿಗಳು ಅದಕ್ಕೆ ಜಾಕ್ ಕೊಡಲೇಬಾರದು ಅಂತ ಹೇಳುತ್ತವೆ.

ಸ್ಟ್ಯಾಂಡ್ ಕೊಳ್ಳುವಾಗ ಇನ್ನೊಂದು ನೋಡಿ. ಮೇಲೆ ಬರೆದಿರುವ ಟನ್ ಒಂದು ಸ್ಟ್ಯಾಂಡಿಗೋ ಒಂದು ಜೊತೆಗೋ ಅಂತ ಓದಿ. ಎರಡೂ ರೀತಿ ಬರೆಯುತ್ತಾರೆ. 1,100 ಕೆ.ಜಿ. ಗಾಡಿಯಲ್ಲಿ ಎಂಜಿನ್ ಮುಂದಿದ್ದರೆ ನೂರಕ್ಕೆ ಸುಮಾರು 60 ಭಾಗ ಭಾರ ಮುಂದಿರುತ್ತದೆ. ಅಂದರೆ ಒಂದೊಂದು ಮುಂದಿನ ಚಕ್ರದ ಮೇಲೆ 330 ಕೆ.ಜಿ. ಆಸುಪಾಸು. ಒಂದು ಜೊತೆ ಸ್ಟ್ಯಾಂಡಿಗೆ 2 ಟನ್ ಅಂತ ಬರೆದದ್ದಾದರೂ ಬೇಕಾದಷ್ಟಾಯಿತು. ಆದರೂ 3 ಟನ್ನಿನದ್ದು ತೆಗೆದುಕೊಳ್ಳಿ ಅಂತಲೇ ನನ್ನ ಸಲಹೆ. ಭಾರಕ್ಕಾಗಿ ಅಲ್ಲ, ಅದರ ಪಾದ ಅಗಲ ಇರುತ್ತದೆ.

ತಿರುಪು:
ಹಲ್ಲಿನ ಸ್ಟ್ಯಾಂಡ್ ಒಳ್ಳೆಯದೋ ಪಿನ್ ಹಾಕುವ ಸ್ಟ್ಯಾಂಡ್ ಒಳ್ಳೆಯದೋ?

ಹಳೇಗ್ಯಾರೇಜು:
ನನ್ನ ಓಟು ಪಿನ್ನಿಗೆ. ಆರ್‌ಪಾರ್ ದಪ್ಪ ಪಿನ್ ಹೋಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಹಲ್ಲಿನ ಸ್ಟ್ಯಾಂಡಿನಲ್ಲಿ ಒಳಗಿನ ಕೊಕ್ಕೆ ಹಲ್ಲಿಗೆ ಪೂರ್ತಿ ಕೂತಿದೆಯೋ ತುದಿಯಲ್ಲಿ ನಿಂತಿದೆಯೋ ಹೊರಗಿನಿಂದ ಗೊತ್ತಾಗುವುದು ಕಷ್ಟ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತನ್ನ 3 ಟನ್ ಮತ್ತು 6 ಟನ್ ಸ್ಟ್ಯಾಂಡುಗಳನ್ನು ವಾಪಸ್ ತರಿಸಿಕೊಂಡಿತು. ಕಾರಣ ಇದೇ, ಕೊಕ್ಕೆ ಹಲ್ಲಿಗೆ ಸರಿಯಾದ ಆಳಕ್ಕೆ ಕೂರದೆ ಭಾರ ಅಲುಗಾಡಿದಾಗ ಸ್ಟ್ಯಾಂಡ್ ಕುಸಿಯುವ ಸಾಧ್ಯತೆ ಇತ್ತು. ಬದಲಿಗೆ ಕೊಟ್ಟದ್ದರಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಕಂಡು ಅದೇ ವರ್ಷ ಅವನ್ನೂ ವಾಪಸ್ ಕರೆಯಬೇಕಾಯಿತು.

ಚಾಸಿಗುರು:
@ಹಳೇಗ್ಯಾರೇಜು ಒಂದು ಕಂಪನಿಯ ಅಚ್ಚು ಸವೆದು ಹಾಳಾಯಿತು ಅಂತ ಹಲ್ಲಿನ ಸ್ಟ್ಯಾಂಡನ್ನೇ ತಳ್ಳಿಹಾಕುವುದು ಸರಿಯಲ್ಲ. ಪಿನ್ನಿನದ್ದರಲ್ಲಿ ಎತ್ತರ ದೊಡ್ಡ ದೊಡ್ಡ ಮೆಟ್ಟಿಲುಗಳಲ್ಲಿ ಸಿಗುತ್ತದೆ, ಬೇಕಾದ ಎತ್ತರ ಸಿಗದೆ ಜನ ಮೇಲೆ ಮರದ ಚೂರು ತುರುಕುತ್ತಾರೆ, ಅದು ಇನ್ನೂ ಅಪಾಯ. ಹಲ್ಲಿನದ್ದರಲ್ಲಿ ಹಿಡಿಯನ್ನು ಕೆಳಕ್ಕೆ ಪೂರ್ತಿ ಒತ್ತಿ, ಭಾರ ಬಿಡುವ ಮೊದಲು ಕಂಬವನ್ನು ಕೈಯಿಂದ ಕೆಳಕ್ಕೆ ಗುದ್ದಿ ನೋಡಿದರೆ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಹಳೇಗ್ಯಾರೇಜು:
@ಚಾಸಿಗುರು ಹಲ್ಲಿನ ಜೊತೆಗೆ ಅಡ್ಡಪಿನ್ನೂ ಇರುವ ಸ್ಟ್ಯಾಂಡ್ ಸಿಗುತ್ತದೆ. ಅದನ್ನೇ ಕೊಳ್ಳಲಿ, ನಮ್ಮಿಬ್ಬರ ಜಗಳವೂ ಮುಗಿಯುತ್ತದೆ.

ಚಾಸಿಗುರು:
ಒಪ್ಪಿದೆ.

ಮಳೆಗಾಲ:
ನಮ್ಮಲ್ಲಿ ಕಾಂಕ್ರೀಟ್ ಇಲ್ಲ, ಮಣ್ಣು ನೆಲ, ಮೇಲೆ ಜಲ್ಲಿ. ಏನು ಮಾಡಬಹುದು?

ಚಾಸಿಗುರು:
ಆ ಜಾಗದಲ್ಲಿ ಅಡಿಗೆ ಹೋಗುವ ಕೆಲಸ ಮಾಡದಿರುವುದೇ ಒಳ್ಳೆಯದು, ಸಮತಟ್ಟಾದ ಗಟ್ಟಿ ನೆಲ ಬೇರೆ ಎಲ್ಲಾದರೂ ಸಿಗುತ್ತದಾ ನೋಡಿ.

ಯಾಕೆ ಅಂದರೆ, ಟ್ರಾಲಿ ಜಾಕಿನ ತೋಳು ನೇರವಾಗಿ ಮೇಲೆ ಹೋಗುವುದಿಲ್ಲ, ಕಮಾನಿನಂತೆ ಏಳುತ್ತದೆ. ಏಳುತ್ತಾ ಏಳುತ್ತಾ ತಲೆ ನಿಮ್ಮ ಕಡೆಗೆ ಬರುತ್ತದೆ. ಅದನ್ನು ಸರಿದೂಗಿಸಲು ಜಾಕಿನ ಚಕ್ರಗಳು ಕಾರಿನ ಅಡಿಗೆ ಉರುಳಿಕೊಂಡು ಹೋಗಬೇಕು. ಜಲ್ಲಿಯಲ್ಲಿ ಅವು ಹೂತುಕೊಂಡರೆ ಜಾಕ್ ಕಾರನ್ನೇ ಎಳೆಯುತ್ತದೆ, ಇಲ್ಲವೇ ತಲೆ ಜಾರುತ್ತದೆ. ಸ್ಟ್ಯಾಂಡಿನ ಕಾಲು ಕೂಡ ಮಣ್ಣಲ್ಲಿ ಒಂದು ಕಡೆ ಇಳಿದು ವಾಲುತ್ತದೆ. ದಪ್ಪ ಪ್ಲೈವುಡ್ ಹಾಸಿದರೆ ಟಯರ್ ಬದಲಾಯಿಸುವಷ್ಟಕ್ಕೆ ಆದೀತು. ಡಾಂಬರು ನೆಲವೂ ಬಿಸಿಲಿಗೆ ಮೆತ್ತಗಾಗುತ್ತದೆ, ಅಲ್ಲಿ ಸ್ಟ್ಯಾಂಡಿನ ಅಡಿಗೆ ಪ್ಲೈ ಹಾಕಲೇಬೇಕು.

ಹೊಸಸ್ಪ್ಯಾನರ್:
ಹಾಗಾದರೆ ನನ್ನ ಇಳಿಜಾರು?

ಬೋಲ್ಟುನಟ್ಟು:
ಒಂದು ಉರುಟು ಪೆನ್ಸಿಲ್ ನೆಲಕ್ಕಿಡಿ. ತಾನಾಗಿ ಉರುಳಿ ಹೋದರೆ ಆ ಜಾಗ ಬೇಡ. ಬಾಗಿಲ ಹತ್ತಿರ ಇಳಿಜಾರಿದ್ದು ಒಳಗೆ ಸಮ ಇರುವುದೂ ಉಂಟು, ಬೇರೆ ಬೇರೆ ಕಡೆ ಇಟ್ಟು ನೋಡಿ.

ಸರಳದಾರಿ:
ಬರೀ ಆಯಿಲ್ ಬದಲಾಯಿಸಲು ಇಷ್ಟೆಲ್ಲ ಯಾಕೆ? ರ‍್ಯಾಂಪ್ ಎರಡು ತಂದು ಮುಂದಿನ ಚಕ್ರ ಹತ್ತಿಸಿದರೆ ಆಯಿತು. ಜಾಕ್ ಇಲ್ಲ, ಸ್ಟ್ಯಾಂಡ್ ಇಲ್ಲ, ತಗಡು ಮಡಚುವ ಭಯ ಇಲ್ಲ.

ಗ್ರೀಸ್‌ಕೈ:
ಪ್ಯಾಡ್ ಬದಲಾಯಿಸಲು ಚಕ್ರ ಬಿಚ್ಚಬೇಕಲ್ಲ ಸ್ವಾಮಿ. ರ‍್ಯಾಂಪ್ ಮೇಲೆ ಚಕ್ರ ನಿಂತಿದ್ದರೆ ಬಿಚ್ಚುವುದು ಹೇಗೆ?

ಸರಳದಾರಿ:
ಆಯಿಲಿಗೆ ಮಾತ್ರ ಹೇಳಿದ್ದು. ಆ ಕೆಲಸಕ್ಕೆ ಅದರಷ್ಟು ಗಟ್ಟಿ ಏನೂ ಇಲ್ಲ.

ಡಿಫರೆನ್ಷಿಯಲ್:
ರ‍್ಯಾಂಪಿಗೆ ನನ್ನದೂ ಬೆಂಬಲ, ಆದರೆ ಹತ್ತಿಸುವಾಗ ಹುಷಾರು. ನುಣುಪು ನೆಲದಲ್ಲಿ ಟಯರ್ ತಾಗಿದ ತಕ್ಷಣ ರ‍್ಯಾಂಪ್ ಮುಂದಕ್ಕೆ ಜಾರುತ್ತದೆ. ಅಡಿಗೆ ರಬ್ಬರ್ ಚಾಪೆ ಹಾಕಿ. ಯಾರನ್ನಾದರೂ ನೋಡಲು ನಿಲ್ಲಿಸುವುದಾದರೆ ಪಕ್ಕದಲ್ಲಿ ನಿಲ್ಲಿಸಿ, ಕಾರಿನ ಎದುರಿಗೆ ಅಲ್ಲ. ಹತ್ತಿದ ಮೇಲೆ ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ.

ರ‍್ಯಾಂಪಿಗೆ ಇನ್ನೊಂದು ದೊಡ್ಡ ಗುಣ ಇದೆ. ಚಕ್ರದ ಮೇಲೆ ಭಾರ ಹಾಗೇ ಇರುತ್ತದೆ. ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ತೋಳಿನ ಕೀಲಿನಲ್ಲಿರುವ ರಬ್ಬರ್ ಬುಶ್ ಬದಲಾಯಿಸಿದವರಿಗೆ ಗೊತ್ತು, ಆ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಯ ಬಿಗಿಯನ್ನು ರ‍್ಯಾಂಪಿನ ಮೇಲೆ ಕೊಡಬಹುದು.

ತಿರುಪು:
ನಡುವೆ ಬೇರೆ ವಿಷಯ ತರುತ್ತಿದ್ದೇನೆ, ಕ್ಷಮಿಸಿ. ಟ್ರಾಲಿ ಜಾಕ್ ಎತ್ತಿದ ಮೇಲೆ ನಿಧಾನವಾಗಿ ತಾನೇ ಇಳಿಯುತ್ತದೆ. ಆಯಿಲ್ ಕಡಿಮೆಯಾಗಿರಬಹುದಾ? ಮನೆಯಲ್ಲಿ ಬ್ರೇಕ್ ಆಯಿಲ್ ಇದೆ, ಹಾಕಬಹುದಾ?

ಹಳೇಗ್ಯಾರೇಜು:
ಬ್ರೇಕ್ ಆಯಿಲ್ ಹಾಕಲೇಬೇಡಿ! ಜಾಕಿನ ರಬ್ಬರ್ ಸೀಲುಗಳು ಖನಿಜ ಎಣ್ಣೆಗೆ ಮಾಡಿದವು. ಬ್ರೇಕ್ ಆಯಿಲಿಗೆ ಅವು ಉಬ್ಬಿ ಹಾಳಾಗುತ್ತವೆ. ಹೈಡ್ರಾಲಿಕ್ ಜಾಕ್ ಆಯಿಲ್ ಅಂತಲೇ ಸಿಗುತ್ತದೆ. ತಾನೇ ಇಳಿಯುತ್ತಿದೆ ಅಂದರೆ ಇಳಿಸುವ ತಿರುಪು ಪೂರ್ತಿ ಮುಚ್ಚಿಲ್ಲ, ಅಥವಾ ಅಲ್ಲಿ ಕಸ ಸಿಕ್ಕಿದೆ, ಅಥವಾ ಸೀಲ್ ಸವೆದಿದೆ. ಆಯಿಲ್ ಕಡಿಮೆಯಾದರೆ ಸಾಮಾನ್ಯವಾಗಿ ಪೂರ್ತಿ ಎತ್ತರಕ್ಕೆ ಏಳುವುದಿಲ್ಲ. ಮೊದಲು ಆ ತಿರುಪು ಸಡಿಲ ಮಾಡಿಟ್ಟು ಭಾರ ಇಲ್ಲದೆ ಕೆಲವು ಸಲ ಹಿಡಿ ಒತ್ತಿ ನೋಡಿ, ಒಳಗೆ ಗಾಳಿ ಇದ್ದರೆ ಹೋಗುತ್ತದೆ. ಸರಿಯಾಗುವ ತನಕ ಅದರಲ್ಲಿ ಕಾರು ಎತ್ತಬೇಡಿ.

ಮೀಟರ್‌ಬೋರ್ಡ್:
ವಿದ್ಯುತ್ ಕಾರು ಇರುವವರು ಯಾರೂ ಮಾತಾಡಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ನಮ್ಮ ಗಾಡಿಗಳಲ್ಲಿ ನೆಲದ ಪೂರ್ತಿ ಬ್ಯಾಟರಿ ಹರಡಿರುತ್ತದೆ. ಜಾಕ್ ಒಂದು ಗೇಣು ಒಳಗೆ ಹೋದರೂ ಬ್ಯಾಟರಿ ಪೆಟ್ಟಿಗೆಗೆ ತಾಗುತ್ತದೆ. ಕಂಪನಿ ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕೊಡುವಂತಿಲ್ಲ. ಟೆಸ್ಲಾ ಮಾಡೆಲ್ 3ರಲ್ಲಿ ಆ ಜಾಗಗಳಲ್ಲಿ ತೂತು ಇರುತ್ತದೆ, ಅದಕ್ಕೆ ಕೂರುವ ರಬ್ಬರ್ ಪ್ಯಾಡ್ ಬೇರೆಯೇ ಸಿಗುತ್ತದೆ. ಗಾಳಿ ಸಸ್ಪೆನ್ಷನ್ ಇರುವ ಗಾಡಿಗಳು ಎತ್ತಿದಾಗ ತಾವೇ ಎತ್ತರ ಸರಿಮಾಡಿಕೊಳ್ಳಲು ನೋಡುತ್ತವೆ. ಮೆನುವಿನಲ್ಲಿ ಜಾಕ್ ಮೋಡ್ ಇದ್ದರೆ ಮೊದಲು ಅದನ್ನು ಹಾಕಿ.

ಹೊಸಸ್ಪ್ಯಾನರ್:
ಇಷ್ಟು ಓದಿದ ಮೇಲೆ ನನ್ನ ಕ್ರಮ ಹೀಗಿದೆ, ತಪ್ಪಿದ್ದರೆ ಹೇಳಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ, ಹ್ಯಾಂಡ್‌ಬ್ರೇಕ್, ಗೇರ್. ಸಬ್‌ಫ್ರೇಮಿಗೆ ಟ್ರಾಲಿ ಜಾಕ್. ಎತ್ತಿ, ಎರಡೂ ಪಕ್ಕ ಸ್ಟ್ಯಾಂಡ್ ಇಟ್ಟು, ನಿಧಾನವಾಗಿ ಭಾರ ಇಳಿಸುವುದು. ಚಕ್ರ ಬಿಚ್ಚುವುದು. ಅಡಿಗೆ ಹೋಗುವುದು.

ಬೋಲ್ಟುನಟ್ಟು:
ಚೆನ್ನಾಗಿದೆ, ಆದರೆ ಮೂರು ಬಿಟ್ಟಿದ್ದೀರಿ. ವೀಲ್ ನಟ್‌ಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲ ಮಾಡಿ, ಚಕ್ರ ಗಾಳಿಯಲ್ಲಿರುವಾಗ ಜಗ್ಗಬೇಡಿ. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಹೊರಗೆ ನಿಂತು ಕಾರನ್ನು ಕೈಯಿಂದ ಚೆನ್ನಾಗಿ ಅಲುಗಾಡಿಸಿ, ಬೀಳುವುದಾದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸಬೇಡಿ, ಬಾಗಿಲ ಕೆಳಗಿನ ಭಾಗದ ಅಡಿಗೆ ಮಲಗಿಸಿ ತಳ್ಳಿ. ಎಲ್ಲವೂ ಕೈಕೊಟ್ಟರೂ ಅಷ್ಟು ಸಂದು ಉಳಿಯುತ್ತದೆ.

ಚಾಸಿಗುರು:
ನಾಲ್ಕನೆಯದ್ದು ನಾನು ಸೇರಿಸುತ್ತೇನೆ. ಮುಂದೆ ಏಳುವಾಗ ಕಾರು ಹಿಂದಿನ ಚಕ್ರದ ಮೇಲೆ ಸ್ವಲ್ಪ ತಿರುಗುತ್ತದೆ, ಜಾಕ್ ಉರುಳಬೇಕು ಅಂದೆನಲ್ಲ, ಎತ್ತುತ್ತಾ ಅದರ ಚಕ್ರಗಳನ್ನು ನೋಡುತ್ತಿರಿ. ನಾಲ್ಕೂ ಚಕ್ರ ಎತ್ತುವ ದಿನ ಬಂದರೆ ಮುಂದಿನದ್ದನ್ನು ಒಂದೇ ಸಲಕ್ಕೆ ಪೂರ್ತಿ ಎತ್ತರಕ್ಕೆ ಏರಿಸಬೇಡಿ. ಹಿಂದೆ ಎತ್ತುವಾಗ ಮುಂದಿನ ಸ್ಟ್ಯಾಂಡುಗಳು ಓರೆಯಾಗುತ್ತವೆ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಹಾಗೇ ಏರಿಸಿ.

ಸ್ಟ್ಯಾಂಡಿನ ಮೇಲೆ ಭಾರ ಬಿಟ್ಟ ನಂತರ ಜಾಕನ್ನು ತೆಗೆಯಬೇಡಿ. ಸುಮ್ನೆ ತಾಗುವಷ್ಟು ಏರಿಸಿ ಅಲ್ಲೇ ಬಿಡಿ.

ಗ್ರೀಸ್‌ಕೈ:
ಆಯಿಲ್ ಸೋರಿಸುವಾಗ ಆ ಜಾಕ್ ಅಡ್ಡ ಬರುತ್ತದೆ, ನಾನು ತೆಗೆದುಬಿಡುತ್ತೇನೆ.

ಚಾಸಿಗುರು:
ಅಡ್ಡ ಬಂದರೆ ಪಕ್ಕದ ಅಂಚಿಗೆ ಸ್ಟ್ಯಾಂಡಿನ ಹತ್ತಿರ ಕೊಡಿ, ಪೂರ್ತಿ ತೆಗೆಯಬೇಡಿ.

ರಾತ್ರಿಪಾಳಿ:
ಮನೆಯಲ್ಲಿ ಒಬ್ಬರಿಗೆ ಹೇಳಿ ಅಡಿಗೆ ಹೋಗಿ. ಫೋನ್ ಕೈಗೆ ಸಿಗುವಂತೆ ನೆಲದ ಮೇಲಿರಲಿ, ಪ್ಯಾಂಟಿನ ಜೇಬಿನಲ್ಲಿದ್ದರೆ ಸಿಕ್ಕಿಕೊಂಡಾಗ ಕೈ ಹೋಗುವುದಿಲ್ಲ. ಮಕ್ಕಳು ಬಾಗಿಲು ತೆಗೆದು ಒಳಗೆ ಹತ್ತದಂತೆ ಬೀಗ ಹಾಕಿ. ಇದನ್ನು ಯಾರೂ ಹೇಳಲಿಲ್ಲ ಅಂತ ಬರೆದೆ.

ಹೊಸಸ್ಪ್ಯಾನರ್:
ಎಲ್ಲರಿಗೂ ತುಂಬಾ ಧನ್ಯವಾದ. ಕೊನೆಗೆ ನಟ್ ಎಷ್ಟು ಬಿಗಿ ಮಾಡಬೇಕು? ಟಾರ್ಕ್ ರೆಂಚ್ ಇದೆ.

ಬೋಲ್ಟುನಟ್ಟು:
ಪುಸ್ತಕದಲ್ಲಿ ಇರುವ ಸಂಖ್ಯೆಯೇ ಸರಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ಗಾಳಿಯಲ್ಲಿರುವಾಗ ಕೈಯಲ್ಲಿ ಕೂರಿಸಿ, ಚಕ್ರ ನೆಲಕ್ಕೆ ಇಳಿದ ಮೇಲೆ ಎದುರು ಬದುರು ನಟ್ ಹಿಡಿದು ರೆಂಚ್ ಹಾಕಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಮತ್ತೆ, ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ತೆಗೆಯುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಸಲ ಅದು ನೆಲದವರೆಗೂ ಹೋಗುತ್ತದೆ.

ಮೀಟರ್‌ಬೋರ್ಡ್:
ಹಿಂದಿನ ಪ್ಯಾಡ್ ಬದಲಾಯಿಸುವವರಿಗೆ: ಬಟನ್ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು, ಇಲ್ಲವಾದರೆ ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ಹೋಗುವುದಿಲ್ಲ. ಆ ಮೋಡಿನಲ್ಲಿ ಹ್ಯಾಂಡ್‌ಬ್ರೇಕ್ ಕಾರನ್ನು ಹಿಡಿಯುವುದಿಲ್ಲ, ಹಾಗಾಗಿ ಮುಂದಿನ ಚಕ್ರಗಳ ಅಡ್ಡ ಮೊದಲೇ ಕೂತಿರಲಿ.